ಬಂಗಾರದ ಮೀನಿಗೆ ಒಂದು ಹಿಡಿ ಪುರಿ

ಗವಿರಂಗಪ್ಪನವರ ಬಳಿ ಮುಕುಂದ ದೇವರ ಚಿತ್ರ ಬರೆಯಲು ಕಲಿಯತೊಡಗಿ ಹನ್ನೆರಡು ವರ್ಷವಾಗಿತ್ತು. ಸೀರೆಯ ಅಂಚು, ಒಡವೆ, ಚಿನ್ನದ ರೇಕು ಎಲ್ಲ ಅವನದೇ ಕೈ. ಕಣ್ಣು ಮಾತ್ರ ಗುರುಗಳದು. ಅದನ್ನು ಬರೆಯುವುದು ಕಟ್ಟಕಡೆಗೆ. ಬರೆದ ಮೇಲೇ ಚಿತ್ರಕ್ಕೆ ಪೂಜೆ.

ತಾನು ಯಾವಾಗ ಕಣ್ಣು ಬರೆಯುವುದೆಂದು ಮುಕುಂದ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದ. ನೋಡೋಣ ಎಂದು ಗುರುಗಳೂ ವರ್ಷಕ್ಕೊಮ್ಮೆ ಹೇಳುತ್ತಿದ್ದರು.

ಈ ಸಲ ಇಬ್ಬರೂ ಜಪಾನಿಗೆ ಬಂದಿದ್ದರು. ಅಲ್ಲಿನ ಕನ್ನಡದವರ ಪೂಜಾಮಂದಿರಕ್ಕೆ ಒಂದು ಲಕ್ಷ್ಮಿಯ ಚಿತ್ರ ತಂದಿದ್ದರು. ಮರುದಿನ ಬೆಳಿಗ್ಗೆ ಎಲ್ಲರೆದುರು ಅದಕ್ಕೆ ಕಣ್ಣು ಬರೆಯಬೇಕು.

"ಕಣ್ಣಿನ ಅಳತೆಯೆಲ್ಲ ನಂಗೆ ಬಾಯಿಪಾಠ, ಗುರುಗಳೇ" ಎಂದು ಮುಕುಂದ ವಿಮಾನದಲ್ಲೂ ಹೇಳಿ ನೋಡಿದ್ದ. ಗುರುಗಳು ಕಿಟಕಿಯ ಕಡೆ ತಿರುಗಿ ನಿದ್ದೆ ಹೋಗಿದ್ದರು.

ಅಂದು ಬಿಡುವು. ಆತಿಥೇಯರು ಅವರನ್ನು ಬಂಗಾರದ ಮೀನುಗಳ ಕಲಾಪ್ರದರ್ಶನಕ್ಕೆ ಕರೆದೊಯ್ದರು.

ಕಾಲಿಡಲು ಜಾಗವಿಲ್ಲದಷ್ಟು ಜನ. ಗಾಜಿನ ತೊಟ್ಟಿಗಳಲ್ಲಿ, ಬಣ್ಣಬಣ್ಣದ ಬೆಳಕಿನಲ್ಲಿ, ಸಾವಿರಾರು ಮೀನು. ಮುಕುಂದನಿಗೆ ಖುಷಿಯೋ ಖುಷಿ. ನೋಡುತ್ತ ನೋಡುತ್ತ ಜನರ ನೂಕಿನಲ್ಲೇ ಒಳಕೋಣೆಗೆ ಬಂದುಬಿಟ್ಟ. ಗುರುಗಳು ನಿಧಾನವಾಗಿ ಹಿಂದೆ ಬಂದರು.

ಅಲ್ಲೊಂದು ಮರದ ಬೋಗುಣಿ. ಅದರಲ್ಲಿ ಒಂದೇ ಒಂದು ಕೆಂಪು ಮೀನು, ಬಾಯಿ ತೆರೆದು ಮೇಲೆ ನೋಡುತ್ತಿತ್ತು. ಮುಕುಂದನ ಕರುಳು ಚುರ್ ಎಂದಿತು. ಊರಿನ ಕಲ್ಯಾಣಿಯ ಮೀನುಗಳಿಗೆ ಪುರಿ ಹಾಕುತ್ತ ಬೆಳೆದವನು ಅವನು. ದಾರಿಗೆಂದು ತಂದ ಪುರಿ ಚೀಲದಲ್ಲೇ ಇತ್ತು. ಒಂದು ಹಿಡಿ ತೆಗೆದು ಬೋಗುಣಿಗೆ ಹಾಕಿದ.

ಪುರಿ ತೇಲಲಿಲ್ಲ. ಪುಟಿದು ಅಲ್ಲೇ ಕೂತಿತು.

ಸುತ್ತಲಿದ್ದವರು ನಕ್ಕರು. ಕಾವಲಿನ ಹೆಂಗಸು ಬಂದು, ತಲೆಬಾಗಿ ನಮಸ್ಕರಿಸಿ, ಪುರಿಯನ್ನೆಲ್ಲ ಮೆತ್ತಗೆ ಆಯ್ದು ತೆಗೆದಳು. ಅದು ನೀರಲ್ಲ, ಗಾಜಿನಂತೆ ಗಟ್ಟಿಯಾದ ಅಂಟು. ಮೀನನ್ನು ಅದರೊಳಗೆ ಪದರ ಪದರವಾಗಿ ಬಣ್ಣದಲ್ಲಿ ಬರೆದದ್ದು ಎಂದು ಆತಿಥೇಯರು ತಿಳಿಸಿದರು.

ಮುಕುಂದ ನಾಚಿಕೆಯಿಂದ ಭೂಮಿಗಿಳಿದು ಹೋದ. ಹನ್ನೆರಡು ವರ್ಷ ಕುಂಚ ಹಿಡಿದವನು ಬಣ್ಣಕ್ಕೆ ಮೋಸಹೋಗಿದ್ದ. ಇನ್ನು ಈ ಜನ್ಮದಲ್ಲಿ ಗುರುಗಳು ತನಗೆ ಕಣ್ಣು ಬಿಟ್ಟುಕೊಡುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಹೊರಗೆ ಬೆಂಚಿನ ಮೇಲೆ ಕೂತು ಗುರುಗಳು ಉಳಿದ ಪುರಿಯನ್ನು ಇಸಿದುಕೊಂಡರು. ಎಳೆಬಿಸಿಲು ಹಿತವಾಗಿತ್ತು. ಸ್ವಲ್ಪ ಹೊತ್ತು ತಿನ್ನುತ್ತ ಕೂತರು.

"ಆ ಮೀನಿನ ಕಣ್ಣಿನ ಅಳತೆ ಎಷ್ಟಿತ್ತೋ?"

"ನೋಡ್ಲಿಲ್ಲ, ಗುರುಗಳೇ."

"ಸುತ್ತಿನ ಗೆರೆಗೆ ಯಾವ ಬಣ್ಣ?"

"ಅದೂ ನೋಡ್ಲಿಲ್ಲ."

"ಮತ್ತೇನು ನೋಡಿದೆ?"

ಮುಕುಂದ ತಲೆ ತಗ್ಗಿಸಿದ. "ಪಾಪ, ಹಸಿದಿದೆ ಅನ್ನಿಸ್ತು."

ಗುರುಗಳು ಕೈಗೆ ಅಂಟಿದ ಪುರಿ ಕೊಡವಿಕೊಂಡು ಎದ್ದರು.

"ನಾಳೆ ಬೇಗ ಎದ್ದು ಸ್ನಾನ ಮಾಡು. ಅಮ್ಮನಿಗೆ ಕಣ್ಣು ನೀನೇ ಬರಿ."