ಹಳೆಯ ಬಾಗಿಲಲ್ಲಿ ಕೂತವನು

ಮಲಪ್ರಭೆಯ ದಂಡೆಯ ಮೇಲೊಂದು ಚಿಕ್ಕ ಮಠ. ಅಲ್ಲಿನ ಗುರು ಮೌನಯ್ಯಜ್ಜ. ಹೆಸರಿಗಷ್ಟೇ ಮೌನ. ಮೂವತ್ತು ವರ್ಷ ಅವರು ಆಡಿದ ಮಾತೆಲ್ಲ ಧ್ವನಿಮುದ್ರಣವಾಗಿ ಮಠದ ವೆಬ್‌ಸೈಟಿನಲ್ಲಿ ಒಂಬೈನೂರು ಪುಟ ತುಂಬಿತ್ತು.

ಅದನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಚನ್ನವೀರ. ಪ್ರತಿ ಪುಟದ ವಿಳಾಸವೂ ಬರೀ ಒಂದು ಸಂಖ್ಯೆಯಾಗಿತ್ತು. ಗುರುವಿನ ಮಾತಿಗೆ ಕೈದಿಗಳ ಹಾಗೆ ನಂಬರು ಯಾಕೆ ಎಂದು ಅವನಿಗೆ ಬೇಸರ.

ಒಂದು ಬೆಳಿಗ್ಗೆ ಸೆಟ್ಟಿಂಗ್ ಬದಲಿಸಿದ. ಇನ್ನು ಪುಟಕ್ಕೆ ಶೀರ್ಷಿಕೆ ಕೊಟ್ಟರೆ ಸಾಕು, ಅದರಿಂದ ಓದಲು ಬರುವ ವಿಳಾಸ ತಾನಾಗಿಯೇ ಸಿದ್ಧವಾಗುತ್ತದೆ. ಹಳೆಯ ಪುಟಗಳಿಗೂ ಒಂದೇ ಏಟಿಗೆ ಹೊಸ ವಿಳಾಸ ಕೊಟ್ಟು, ಸಂಖ್ಯೆಗಳನ್ನೆಲ್ಲ ಅಳಿಸಿಹಾಕಿದ.

"ನೋಡ್ರಿ ಅಜ್ಜಾರ. ಇನ್ನೂರಾ ಹದಿನೇಳು ಇದ್ದದ್ದು ಈಗ 'ಸಿಟ್ಟು-ಇಳಿಸುವ-ಬಗೆ' ಆಗೇತ್ರಿ."

"ಚೊಲೋ ಆತು. ಒಳಗ ಏನೈತಿ ಅಂತ ಹೊರಗ ನಿಂತವರಿಗೂ ತಿಳೀತೈತಿ," ಎಂದು ಅಜ್ಜ ಮನಸಾರೆ ಮೆಚ್ಚಿದರು.

ನಾಲ್ಕನೆಯ ದಿನ ಗಂಗವ್ವ ಎಂಬ ಹೆಂಗಸು ಎರಡು ಬಸ್ಸು ಬದಲಿಸಿ ಮಠಕ್ಕೆ ಬಂದಳು.

"ಅಜ್ಜಾರ, ನಮ್ಮ ಮನಿಯವರ ದನಿ ಹೋಗೇತ್ರಿ."

ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಒಂದು ಪ್ರವಚನದ ನಡುವೆ ಅವನು ಎದ್ದು ಮಾತಾಡಿದ್ದು ಧ್ವನಿಮುದ್ರಣದಲ್ಲಿ ಉಳಿದಿತ್ತು. ಅವನ ದನಿ ಎಂದು ಅವಳಿಗಿದ್ದದ್ದು ಅದೊಂದೇ.

ಪಕ್ಕದ ಮನೆಯ ಟೀಚರಮ್ಮ ಫೋನಿನಲ್ಲಿ ಆ ಪುಟದ ಗುರುತು ಹಾಕಿಕೊಟ್ಟಿದ್ದರು. ಒಲೆ ಹೊತ್ತಿಸುವ ಮುಂಚೆ ದಿನಾ ಅದನ್ನು ಒತ್ತಿ ಕೇಳುತ್ತಿದ್ದಳು. ಈಗ ಒತ್ತಿದರೆ ಪುಟ ಸಿಗಲಿಲ್ಲ ಎಂದು ಬರುತ್ತಿತ್ತು.

ಚನ್ನವೀರನ ಮುಖ ಸಪ್ಪಗಾಯಿತು. "ಪುಟ ಇಲ್ಲೇ ಐತಿ ಯವ್ವಾ. ಹೆಸರು ಬದಲಾಗೇತಿ ಅಷ್ಟ. ಫೋನ್ ಕೊಡು, ಹೊಸಾ ಗುರುತು ಹಾಕ್ತೀನಿ."

"ಫೋನ್ ಮುಟ್ಟಬ್ಯಾಡ," ಎಂದರು ಅಜ್ಜ. "ಗಂಗವ್ವಾ, ನೀ ಹೋಗಿ ಉಣ್ಣು. ಚನ್ನವೀರಾ, ನೀ ನನ್ನ ಕೂಡ ಬಾ."

ಬಂದವರಿಗೆಲ್ಲ ಊಟ ಬಡಿಸುವ ದಾಸೋಹದ ಮನೆ ಆ ವಾರವಷ್ಟೇ ಹೊಳೆಯ ಕಡೆಯಿಂದ ರಸ್ತೆಯ ಕಡೆಗೆ ಹೋಗಿತ್ತು. ಹೊಸ ಮನೆಗೆ ದೊಡ್ಡ ಬೋರ್ಡೂ ಇತ್ತು.

ಆದರೂ ಆ ಮಠದಲ್ಲೊಂದು ಪದ್ಧತಿ. ಊಟದ ಜಾಗ ಬದಲಾದರೆ ಹಳೆಯ ಬಾಗಿಲಲ್ಲಿ ಒಬ್ಬರು ಕೂತಿದ್ದು, ಬಂದವರನ್ನು ಹೊಸ ಪಂಕ್ತಿಗೆ ಕರೆದೊಯ್ಯಬೇಕು.

"ಇವತ್ತ ಇಲ್ಲೆ ನೀ ಕುಂದ್ರು," ಎಂದು ಅವನನ್ನು ಆ ಹಳೆಯ ಬಾಗಿಲಲ್ಲಿ ಬಿಟ್ಟು ಅಜ್ಜ ಹೊರಟುಹೋದರು.

ಕಣ್ಣು ಮಂಜಾದ ಮುದುಕಿಯೊಬ್ಬಳು ಚೌಕಟ್ಟು ತಡವುತ್ತಾ ಬಂದಳು. ಚನ್ನವೀರ ಕೈಹಿಡಿದು ಹೊಸ ಮನೆಗೆ ನಡೆಸಿದ.

"ಬಾಗಲಾ ಹಾಕೇತಿ, ಊಟಾನ ನಿಂತೈತಿ ಅನಕೊಂಡಿದ್ನಿ ತಮ್ಮಾ. ಹೊಳ್ಳಿ ಹೋಗಾಕಿ ಇದ್ನಿ," ಎಂದಳು.

ಚನ್ನವೀರನಿಗೆ ಕಣ್ಣು ತುಂಬಿ ಬಂತು. ತಾನು ಒಂಬೈನೂರು ಬಾಗಿಲು ಹಾಕಿ, ಒಂದರಲ್ಲೂ ಯಾರನ್ನೂ ಕೂರಿಸದೆ ಬಂದಿದ್ದ.

ಪಂಕ್ತಿ ಮುಗಿದದ್ದೇ ಕಂಪ್ಯೂಟರಿನ ಮುಂದೆ ಕೂತ. ಹಳೆಯ ಸಂಖ್ಯೆಗಳನ್ನೆಲ್ಲ ಮರಳಿ ತಂದು, ಒಂದೊಂದೂ ತನ್ನ ಹೊಸ ಹೆಸರಿಗೆ ಕರೆದೊಯ್ಯುವಂತೆ ಮಾಡಿದ. ಮುಂದೆ ಯಾವ ಹೆಸರು ಬದಲಾದರೂ ಹೀಗೇ ಆಗಬೇಕೆಂಬ ನಿಯಮವನ್ನೂ ಹಾಕಿದ.

"ಯವ್ವಾ, ಈಗ ಒತ್ತು. ನಿನ್ನ ಹಳೇ ಗುರುತನ್ನ ಒತ್ತು."

ಗಂಗವ್ವ ಒತ್ತಿದಳು. ಅಜ್ಜನ ಪ್ರವಚನ ಶುರುವಾಯಿತು. ಸ್ವಲ್ಪ ಹೊತ್ತಿಗೆ ನಡುವೆ ಒಂದು ಒರಟು ದನಿ.

"ಅಜ್ಜಾರ, ಹಿಂದ ಕುಂತವರಿಗೆ ಕೇಳಸವಲ್ದು. ಜರಾ ಜೋರಲೆ ಹೇಳ್ರಿ."

ಗಂಗವ್ವ ನಕ್ಕಳು, ಅತ್ತಳು. ಚನ್ನವೀರನ ತಲೆಯ ಮೇಲೆ ಕೈಯಿಟ್ಟು, "ನಿನ್ನ ಹೊಟ್ಟಿ ತಣ್ಣಗಿರಲಿ," ಎಂದಳು.

"ತಪ್ಪು ಮಾಡಿದಾವ ನಾನ ಯವ್ವಾ," ಎಂದ ಅವನು ಮೆಲ್ಲಗೆ.

ಅಜ್ಜ ಅವಳಿಗೆ ಕೈಮುಗಿದರು. "ಪುಟ ಸಿಗದ ಸುಮ್ನ ಹೋದವರು ಎಷ್ಟ ಮಂದಿಯೋ. ನೀ ಬಂದು ಹೇಳಿದಿ. ನಿನ್ನ ಉಪಕಾರ ದೊಡ್ಡದವ್ವಾ."

ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಚನ್ನವೀರ ಕೇಳಿದ.

"ಅಜ್ಜಾರ, ಹಳೇ ವಿಳಾಸಾ ಎಲ್ಲಿತನಕ ಇಟ್ಟಿರಬೇಕ್ರಿ?"

"ಕಡೀ ಮನಿಷಾ ಬರೂತನಕ."

"ಕಡೀ ಮನಿಷಾ ಬಂದಾ ಅಂತ ಹೆಂಗ ತಿಳೀತೈತ್ರಿ?"

"ತಿಳಿಯೂದಿಲ್ಲ. ಅದಕ್ಕ ಆ ಬಾಗಲಾ ಬಿಟ್ಟು ಏಳಬ್ಯಾಡ."