ಬೆನ್ನಿಗೆ ಕಟ್ಟಿದ ಸೋರೆಬುರುಡೆ

“ಗುರುಗಳೇ, ಭಯ ಹೋದ ಮೇಲೆ ಹೊರಡಬೇಕೋ, ಹೊರಟ ಮೇಲೆ ಭಯ ಹೋಗುತ್ತದೆಯೋ?”

ಶಿಷ್ಯ ಅಡಿವೆಯ್ಯ ಹೀಗೆ ಕೇಳಿದ. ಕೇಳುವುದಕ್ಕೆ ಕಾರಣವಿತ್ತು. ಬೆಟ್ಟದಾಚೆಯ ಸೀಮೆಯಿಂದ ನಾಲ್ವರು ಬಂದು ಎರಡು ದಿನದಿಂದ ಮಠದ ಜಗಲಿಯ ಮೇಲೆ ಕುಳಿತಿದ್ದರು. ಅವರ ಊರುಗಳಲ್ಲಿ ಅಕ್ಷರ ಹೇಳಿಕೊಡುವವರಿರಲಿಲ್ಲ, ಜ್ವರ ಬಂದರೆ ಬೇರು ಅರೆದು ಕೊಡುವವರಿರಲಿಲ್ಲ. ಒಬ್ಬರನ್ನು ಕಳುಹಿಸಿಕೊಡಿ ಎಂದು ಕೈಮುಗಿದು ಕೇಳಿದ್ದರು. ಗುರುಗಳು ಅಡಿವೆಯ್ಯನ ಹೆಸರು ಹೇಳಿದ್ದರು. ಮರುದಿನ ಬೆಳಗ್ಗೆ ಅವರು ಹೊರಡುವವರಿದ್ದರು, ಇವನು ಬಂದರೂ ಸರಿ, ಬಾರದಿದ್ದರೂ ಸರಿ.

ಅಡಿವೆಯ್ಯ ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಏನೇ ಸಂದೇಹ ಬಂದರೂ ಗುರುಗಳ ಬಳಿ ಓಡುವುದು ಅವನಿಗೆ ರೂಢಿಯಾಗಿತ್ತು. ಈಚಿನ ಮೂರು ವರ್ಷಗಳಲ್ಲಿ ಗುರುಗಳು ಉತ್ತರ ಹೇಳುವ ಬದಲು “ನಿನಗೆ ಏನು ತೋರುತ್ತದೆ?” ಎಂದು ಕೇಳುತ್ತಿದ್ದರು. ಇವನು ತನಗೆ ತೋರಿದ್ದನ್ನು ಹೇಳುತ್ತಿದ್ದ. ಅವರು ತಲೆದೂಗುತ್ತಿದ್ದರು. ಇದೂ ಪಾಠದ ಒಂದು ಕ್ರಮವಿರಬೇಕೆಂದು ಅವನು ತಿಳಿದಿದ್ದ.

“ಇನ್ನೆರಡು ವರ್ಷ ಇಲ್ಲೇ ಇರುತ್ತೇನೆ. ಧೈರ್ಯ ಬಂದ ಮೇಲೆ ಹೋಗುತ್ತೇನೆ,” ಎಂದ.

ಗುರುಗಳು ಅಳಲೆಕಾಯಿ ಕುಟ್ಟುತ್ತಿದ್ದ ಕೈ ನಿಲ್ಲಿಸಿ ಈ ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಮೀನುಗಾರರ ಒಂದು ಊರು. ಅಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟುತ್ತಾರೆ. ಬುರುಡೆ ತಾನೂ ತೇಲುತ್ತದೆ, ಕಟ್ಟಿಕೊಂಡವನನ್ನೂ ತೇಲಿಸುತ್ತದೆ. ಅದಿಲ್ಲದೆ ಹೊಳೆ ದಾಟಿದ ದಿನ ಊರವರ ಮುಂದೆ ಅದನ್ನು ಎರಡು ಹೋಳು ಮಾಡುತ್ತಾರೆ. ಒಂದು ಹೋಳಿನಲ್ಲಿ ಅವನು ಅಂಬಲಿ ಕುಡಿಯಬೇಕು. ಇನ್ನೊಂದು, ದೋಣಿಗೆ ನುಗ್ಗಿದ ನೀರನ್ನು ಎತ್ತಿ ಚೆಲ್ಲುವುದಕ್ಕೆ.

ಆ ಊರಿನ ಒಬ್ಬ ಮೀನುಗಾರನ ಬುರುಡೆ ಮಾತ್ರ ಹೋಳಾಗಲೇ ಇಲ್ಲ. ನಾಳೆ ಬಿಚ್ಚುತ್ತೇನೆ, ಹೊಳೆ ಇಳಿಯಲಿ ಬಿಚ್ಚುತ್ತೇನೆ ಎನ್ನುತ್ತಲೇ ಅವನಿಗೆ ಮೀಸೆ ಬಂತು, ಮದುವೆಯೂ ಆಯಿತು. ಬುರುಡೆ ಕಟ್ಟಿಕೊಂಡೇ ನೀರಿಗಿಳಿಯುತ್ತಿದ್ದ. ದಂಡೆಯನ್ನು ಬಿಟ್ಟು ಹತ್ತು ಮಾರು ಆಚೆ ಹೋಗುತ್ತಿರಲಿಲ್ಲ. ಹೆಂಡತಿ ಬಂದರೂ ಬುರುಡೆಯ ಸಂಗ ಬಿಡಲಿಲ್ಲವಲ್ಲ ಎಂದು ಜನ ನಗುತ್ತಿದ್ದರು. ಅವನು ಕೇಳಿಸದವನಂತೆ ಇರುತ್ತಿದ್ದ. ಆದರೆ ಕೇಳಿಸುತ್ತಿತ್ತು, ಮನಸ್ಸು ನೋಯುತ್ತಿತ್ತು.

ನೀರಿನಿಂದ ಮೇಲೆ ಬಂದಾಗ ಅವನಿಗೆ ಬೆನ್ನು ಭಾರವೆನಿಸುತ್ತಿತ್ತು. ದಣಿವು ಎಂದುಕೊಳ್ಳುತ್ತಿದ್ದ. ಮನೆಗೆ ಬಂದು ಬುರುಡೆಯನ್ನು ಗೂಟಕ್ಕೆ ತೂಗುಹಾಕಿದರೆ ಅದರಿಂದ ಬಹಳ ಹೊತ್ತು ನೀರು ತೊಟ್ಟಿಕ್ಕುತ್ತಿತ್ತು. ಹೊಳೆಗಿಳಿದದ್ದು ತೊಟ್ಟಿಕ್ಕದೆ ಇರುತ್ತದೆಯೇ ಎಂದು ಸುಮ್ಮನಾಗುತ್ತಿದ್ದ.

ಹೊಳೆಯ ನಡುವೆ ಒಂದು ಮರಳ ದಿಬ್ಬವಿತ್ತು. ಬೇಸಿಗೆಯಲ್ಲಿ ಹೆಂಗಸರು ಅಲ್ಲಿ ಸೌತೆಬಳ್ಳಿ ಹಬ್ಬಿಸುತ್ತಿದ್ದರು. ಒಂದು ಮಧ್ಯಾಹ್ನ ಅವನ ಹೆಂಡತಿ ಒಬ್ಬಳೇ ಅಲ್ಲಿ ಕಾಯಿ ಕೊಯ್ಯುತ್ತಿದ್ದಳು. ಮೇಲಿನ ಸೀಮೆಯಲ್ಲಿ ಎಲ್ಲೋ ಮಳೆಯಾಗಿ ಹೊಳೆ ಏರತೊಡಗಿತು. ಅಂದು ಸಂತೆ. ಊರಿನ ಗಂಡಸರು ಅವಳನ್ನು ದಿಬ್ಬದಲ್ಲಿ ಇಳಿಸಿ, ದೋಣಿಗಳಲ್ಲಿ ಸಂತೆಗೆ ಹೋಗಿದ್ದರು. ದಂಡೆಯಲ್ಲಿ ಉಳಿದವನು ಇವನೊಬ್ಬನೇ. ಅವಳಿಗೆ ಈಜು ಬಾರದು.

ಇವನು ಬುರುಡೆ ಕಟ್ಟಿಕೊಂಡು ಹಾರಿದ. ಅದುವರೆಗೆ ಮುಟ್ಟದಿದ್ದ ನಡುನೀರು. ಹೇಗೆ ದಾಟಿದನೋ ಅವನಿಗೇ ತಿಳಿಯದು. ದಿಬ್ಬ ಹತ್ತುವ ಹೊತ್ತಿಗೆ ನೀರು ಅವಳ ಮೊಣಕಾಲಿಗೆ ಬಂದಿತ್ತು. ಬುರುಡೆ ಬಿಚ್ಚಿ ಅವಳ ಬೆನ್ನಿಗೆ ಕಟ್ಟಹೋದ. ತಾನು ಮುಳುಗಿದರೂ ಇವಳು ತೇಲಲಿ ಎಂಬುದೊಂದೇ ಅವನ ಮನಸ್ಸಿನಲ್ಲಿತ್ತು.

ಅವಳು ಅವನ ಕೈ ಹಿಡಿದಳು. “ಕಟ್ಟಬ್ಯಾಡ್ರಿ, ಅದು ತೇಲೂದಿಲ್ಲ. ಮೂರು ವರ್ಷದ ಹಿಂದ ತಳಕ್ಕ ನಾನೇ ದಬ್ಬಣದಿಂದ ತೂತು ಮಾಡೀನಿ. ಜನ ನಿಮ್ಮನ್ನ ನೋಡಿ ನಗೂದು ನನ್ನ ಕಡಿಂದ ನೋಡಾಕ ಆಗಲಿಲ್ಲ. ಆವತ್ತ ನೀವು ನೀರಿಗೆ ಇಳಿದಾಗ ಎದಿ ಹಿಡಕೊಂಡು ದಂಡಿ ಮ್ಯಾಲ ನಿಂತಿದ್ದೆ.”

ಅವನು ಬುರುಡೆಯನ್ನು ಎತ್ತಿ ನೋಡಿದ. ತಳದಿಂದ ಸಣ್ಣಗೆ ನೀರು ಸುರಿಯುತ್ತಿತ್ತು. ಅವನಿಗೆ ಸಿಟ್ಟು ಬಂತು.

“ಹಂಗಾರ ಇಷ್ಟು ದಿನ ನನ್ನ ತೇಲಿಸಿದ್ದು ಯಾವುದು?”

“ಯಾವುದೂ ಅಲ್ಲ. ನೀವೇ ಅದನ್ನ ಹೊತ್ತುಕೊಂಡು ಈಜೀರಿ. ಈಗ ಅದರ ಬದಲಿ ನನ್ನ ಹೊರ್ರಿ.”

ಅವನು ಬುರುಡೆಯನ್ನು ಹೊಳೆಗೆ ಬಿಟ್ಟ. ಅದು ತುಂಬಿ, ಕಣ್ಣೆದುರಿಗೇ ಮುಳುಗಿತು. ಹೆಂಡತಿ ಅವನ ಹೆಗಲು ಹಿಡಿದಳು. ಭಯ ಎಲ್ಲಿಗೂ ಹೋಗಲಿಲ್ಲ, ಅವನ ಜೊತೆಯಲ್ಲೇ ಈಜಿತು. ಸೆಳವು ಇಬ್ಬರನ್ನೂ ಬಹುದೂರ ಎಳೆದುಕೊಂಡು ಹೋಯಿತು. ಕೊನೆಗೆ ದಂಡೆಯ ಕೆಸರು ಅವನ ಕಾಲಿಗೆ ಸಿಕ್ಕಿತು. ಸಂಜೆ ಊರವರು ಸೇರಿದರು. ಹೋಳು ಮಾಡಲು ಬುರುಡೆಯಿರಲಿಲ್ಲ. ಅವನು ನೆರೆಮನೆಯ ಬಟ್ಟಲಿನಲ್ಲಿ ಅಂಬಲಿ ಕುಡಿದ.

ಕತೆ ಮುಗಿಸಿ ಗುರುಗಳು ಮತ್ತೆ ಅಳಲೆಕಾಯಿ ಕುಟ್ಟತೊಡಗಿದರು. ಜಗಲಿಯಲ್ಲಿದ್ದ ನಾಲ್ವರು ಬುತ್ತಿಯ ಗಂಟು ಕಟ್ಟಿಕೊಳ್ಳುತ್ತಿದ್ದುದು ಅಡಿವೆಯ್ಯನಿಗೆ ಕಾಣುತ್ತಿತ್ತು.

“ಹೋಗುತ್ತೇನೆ ಗುರುಗಳೇ,” ಎಂದ. “ಆದರೆ ಅಲ್ಲಿ ಸಂದೇಹ ಬಂದರೆ ಯಾರನ್ನು ಕೇಳಲಿ? ಇಲ್ಲಾದರೆ ನೀವಿದ್ದೀರಿ.”

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಮಗು, ನಿನಗೆ ಹೇಳಿಕೊಡುವುದು ನನ್ನಲ್ಲಿ ಮುಗಿದು ಮೂರು ವರ್ಷವಾಯಿತು.”