ಹೂಂ ಅನ್ನದ ಹುಡುಗಿ

"ಅಮ್ಮ, ಬೆಳೆಯುವ ಹುಡುಗಿಯರಿಗೆಂದು ಒಂದು ಕತೆ ಬರೆದೆ. ಮನೆಯವನಿಂದಲೇ ಕೆಡುಕಾದ ಹುಡುಗಿ ಕೊನೆಗೆ ಎಲ್ಲವನ್ನೂ ಕ್ಷಮಿಸಿ ನಗುತ್ತಾಳೆ. ಓದಿದವರೆಲ್ಲ ಮೆಚ್ಚಿದರು. ನೀವು ಮಾತ್ರ ಹುಬ್ಬು ಗಂಟಿಕ್ಕಿದಿರಿ, ಏಕೆ?" ಎಂದು ಶಿಷ್ಯೆಯೊಬ್ಬಳು ತನ್ನ ಗುರುಮಾತೆಯನ್ನು ಕೇಳಿದಳು.

"ಕತೆ ಹೇಳುತ್ತೇನೆ, ಹೂಂ ಅನ್ನುತ್ತಿರು" ಎಂದರು ಗುರುಮಾತೆ. ಶಿಷ್ಯೆ ಹೂಂ ಅಂದಳು.

ಒಬ್ಬ ವ್ಯಾಪಾರಿ. ಅವನ ಅಣ್ಣನೂ ಅದೇ ಮನೆಯಲ್ಲಿದ್ದ. ದೀಪ ಹಚ್ಚಿದ ಮೇಲೆ ಮನೆಯ ಮಕ್ಕಳಿಗೆ ಕತೆ ಹೇಳುವವನು ಆ ಅಣ್ಣನೇ. ಅವನಂಥ ಒಳ್ಳೆಯವನಿಲ್ಲ ಎಂದು ಊರೆಲ್ಲ ಅನ್ನುತ್ತಿತ್ತು. ಊರೆಲ್ಲ ಒಂದೇ ಮಾತಾಡುವಾಗ ಒಂದಿಷ್ಟು ಅನುಮಾನ ಪಡಬೇಕು, ಆದರೆ ಯಾರಿಗೆ ಪುರುಸೊತ್ತು? ಕೇಳುವ ಮಕ್ಕಳು ಹೂಂ ಅನ್ನುತ್ತಿರಬೇಕೆಂಬುದು ಪದ್ಧತಿ. ವ್ಯಾಪಾರಿಯ ಹಿರಿಯ ಮಗಳು ಇದ್ದಕ್ಕಿದ್ದಂತೆ ಹೂಂ ಅನ್ನುವುದನ್ನು ಬಿಟ್ಟಳು. ಊಟವೂ ಕಡಿಮೆಯಾಯಿತು. ಮನೆಯವರು ಹಟಮಾರಿ ಎಂದು ಬೈದರು. ಅಜ್ಜಿ ದೃಷ್ಟಿ ತೆಗೆದಳು.

ತಾಯಿಗೆ ಸಮಾಧಾನವಾಗಲಿಲ್ಲ. ಒಂದು ಸಂಜೆ ಬಾಗಿಲ ಹಿಂದೆ ನಿಂತು ಕತೆ ಕೇಳಿದಳು. ಕಾಡಿನಲ್ಲಿ ಹುಡುಗಿಗೆ ಹುಲಿ ಎದುರಾಯಿತು, ಅವಳು ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದಳು, ಅದರಿಂದ ಅವಳ ಮನೆ ಉಳಿಯಿತು ಎಂದು ಕತೆ ಮುಗಿಯಿತು. ಅದೇ ಕತೆಯನ್ನು ತಾಯಿ ತವರಿನಲ್ಲಿ ಕೇಳಿದ್ದಳು. ಅಲ್ಲಿ ಹುಡುಗಿ ಕೂಗಿಕೊಳ್ಳುತ್ತಿದ್ದಳು, ಊರೇ ಓಡಿ ಬರುತ್ತಿತ್ತು.

ಮರುದಿನ ಕೇಳಿದಳು: "ಭಾವ, ಆ ಹುಡುಗಿ ಕೂಗಿಕೊಳ್ಳುತ್ತಿದ್ದಳಲ್ಲ, ಅದನ್ನೇಕೆ ಬಿಟ್ಟಿರಿ?"

"ಮಕ್ಕಳು ಏನೇನೋ ಹೇಳುತ್ತವೆ, ನಂಬಬೇಡಮ್ಮ" ಎಂದ ಅವನು.

ಮಕ್ಕಳು ಏನಾದರೂ ಹೇಳಿದರೆಂದು ಅವಳು ಅಂದೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳು ನೇರ ಮಗಳ ಬಳಿ ಹೋಗಿ ಕುಳಿತಳು.

"ದೊಡ್ಡಪ್ಪನ ಕತೆ ಎಲ್ಲಿಂದ ಸುಳ್ಳು, ಮಗಳೇ?"

ಮಗಳು ಹೇಳಿದಳು: "ಹುಲಿ ಕಾಡಲ್ಲಿತ್ತು ಅನ್ನೋ ಕಡೆಯಿಂದ."

ತಾಯಿ ಮತ್ತೇನೂ ಕೇಳಲಿಲ್ಲ, ನಂಬಿದಳು. ಗಂಡ ಸಾಕ್ಷಿ ಎಲ್ಲಿ ಎಂದ. ಅತ್ತೆ ಮನೆತನದ ಮಾತೆತ್ತಿದಳು. ತಾಯಿ ಬೀದಿಗೆ ಬಂದು, ಇವನ ಬಳಿ ಯಾರೂ ಮಕ್ಕಳನ್ನು ಬಿಡಬೇಡಿ ಎಂದು ಕೂಗಿ ಹೇಳಿದಳು. ಊರು ಓಡಿ ಬಂತು, ಅರ್ಧ ಊರು ಅವಳನ್ನೇ ಬೈಯಲು. ಆದರೂ ಅವನು ಆ ಮನೆ ಬಿಡಬೇಕಾಯಿತು. ಅವನು ಹೋದ ವಾರವೇ, ಸಾಕ್ಷಿ ಕೇಳಿದವರು ಹುಡುಗಿಗೆ ಹೊಸ ಲಂಗ ತಂದುಕೊಟ್ಟರು.

ಗುರುಮಾತೆ ಅಲ್ಲಿಗೆ ಕತೆ ನಿಲ್ಲಿಸಿದರು. ಅಲ್ಲಿಯವರೆಗೂ ಹೂಂ ಅನ್ನುತ್ತಿದ್ದ ಶಿಷ್ಯೆ ತಡೆಯಲಾರದೆ ಕೇಳಿದಳು: "ಆಮೇಲೆ? ಹುಡುಗಿ ನಕ್ಕಳೇ ಅಮ್ಮ?"

"ಲಂಗ ತಂದವರೂ ಅದನ್ನೇ ಕೇಳಿದರು" ಎಂದರು ಗುರುಮಾತೆ.

ಶಿಷ್ಯೆ ಹೂಂ ಅನ್ನಲಿಲ್ಲ.